ದುಡ್ಡು ಬೇಡ ಅಂದವರ ಋಣ ತೀರಿಸೋದು ಹೇಗೆ? ದಾರಿಯಲ್ಲಿ ಸಿಕ್ಕವರ ಬಗ್ಗೆ ನಿಮ್ಮ ಅನುಭವ ಹೇಳಿ

ಕೇಳುತ್ತಿರುವುದು ಮಂಡ್ಯದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಹೋದ ವಾರ ಧರ್ಮಸ್ಥಳಕ್ಕೆ ಹೋಗಿದ್ದೆವು. ನಾನು, ನಮ್ಮನೆಯವರು, ಮಾವ, ನಾಲ್ಕು ವರ್ಷದ ಮಗಳು. ವಾಪಸ್ ಬರುವಾಗ ಚಾರ್ಮಾಡಿ ಘಾಟಿ ಹತ್ತಿದೆವು. ಮಾವ ಬೇಡ ಅಂದಿದ್ದರು. 2019ರ ಮಳೆಯಲ್ಲಿ ಅಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ರಸ್ತೆ ಮುಚ್ಚಿದ್ದು ಅವರಿಗೆ ಚೆನ್ನಾಗಿ ನೆನಪಿದೆ. ನಾವು ಕೇಳಲಿಲ್ಲ. ಮುಂದೆ ಒಂದು ಲಾರಿ, ಅದರ ಹಿಂದೆ ನಾವು. ಆ ತಿರುವುಗಳಲ್ಲಿ ಇವರು ಪೂರ್ತಿ ಹಾಫ್ ಕ್ಲಚ್‌ನಲ್ಲೇ ಗಾಡಿ ಹತ್ತಿಸಿದರು. ಕೊಟ್ಟಿಗೆಹಾರ ದಾಟಿ ಸ್ವಲ್ಪ ದೂರ ಬಂದಿರಬಹುದು, ಸುಟ್ಟ ವಾಸನೆ ಬಂತು. ಇಂಜಿನ್ ಕೂಗುತ್ತೆ, ಗಾಡಿ ಮುಂದೆ ಹೋಗಲ್ಲ. ಸಂಜೆ ಆರೂವರೆ, ಆದರೆ ಕತ್ತಲು ಎಂಟು ಗಂಟೆಯ ಹಾಗೆ. ಮಳೆ ಅಂದ್ರೆ ಅದು ಮಳೆ ಅಲ್ಲ, ಯಾರೋ ಮೇಲಿಂದ ಬಿಂದಿಗೆ ಬಗ್ಗಿಸಿದ ಹಾಗೆ. ಫೋನಿಗೆ ಸಿಗ್ನಲ್ ಇಲ್ಲ.

ಮುಕ್ಕಾಲು ಗಂಟೆ ಆದಮೇಲೆ ಒಂದು ಹಳೇ ಜೀಪು ನಿಂತಿತು. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡ ಒಬ್ಬರು ಇಳಿದು, ಒಳಗೆ ಟಾರ್ಚ್ ಬಿಟ್ಟು, "ಎಂತ ಮಾರಾಯ್ರೆ, ಮಗು ಇಟ್ಕೊಂಡು ಇಲ್ಲಿ ನಿಂತಿದೀರಲ್ಲ, ಹತ್ತಿ ಹತ್ತಿ" ಅಂದರು. ಅಷ್ಟೇ. ಯಾರು, ಎಲ್ಲಿಯವರು ಅಂತ ಕೇಳಲೂ ಇಲ್ಲ. ಸೀದಾ ಅವರ ಮನೆಗೆ ಕರೆದುಕೊಂಡು ಹೋದರು. ಕಾಫಿ ತೋಟದ ಮಧ್ಯೆ ಹೆಂಚಿನ ಮನೆ. ಬಚ್ಚಲಲ್ಲಿ ಹಂಡೆ ಕಾಯುತ್ತಾ ಇತ್ತು. ಅವರ ಹೆಂಡತಿ ನನಗೆ ಅವರದೇ ಸೀರೆ ಕೊಟ್ಟರು, ಮಗಳಿಗೆ ಅವರ ಮಗನ ಹಸಿರು ಸ್ವೆಟರ್ ಹಾಕಿದರು. ಮಾವನ ಕಣಕಾಲಿಗೆ ಜಿಗಣೆ ಕಚ್ಚಿತ್ತು, ಯಾರಿಗೂ ಗೊತ್ತೇ ಆಗಿರಲಿಲ್ಲ. ಆಯಮ್ಮ ಎಲೆಅಡಿಕೆ ತಟ್ಟೆಯಿಂದ ಬೆರಳಲ್ಲಿ ಸುಣ್ಣ ತೆಗೆದು ಅದರ ಮೇಲಿಟ್ಟರು, ಉದುರಿ ಬಿತ್ತು. "ಇಂಬಳ ಅಜ್ಜ, ನಿಮ್ಮ ರಕ್ತ ರುಚಿ ಇದೆ ಅಂತ ಅರ್ಥ" ಅಂದರು. ಆ ಸಂಜೆ ನಾವು ಮೊದಲ ಸಲ ನಕ್ಕಿದ್ದು ಆಗಲೇ. ಬಿಸಿ ಕಡುಬು, ಕಳಲೆ ಪಲ್ಯ. ಮಲಗಲು ಎರಡು ಕಂಬಳಿ. ಬೆಳಿಗ್ಗೆ ಅವರೇ ಮೆಕ್ಯಾನಿಕ್ ಕರೆಸಿದರು. ಕ್ಲಚ್ ಪ್ಲೇಟ್ ಚಿಕ್ಕಮಗಳೂರಿಂದ ಬರಬೇಕಿತ್ತು, ಬಂದು ರಿಪೇರಿ ಆಗುವಷ್ಟರಲ್ಲಿ ಸಂಜೆ ನಾಲ್ಕು. ಅಲ್ಲಿಯವರೆಗೂ ಊಟ, ಕಾಫಿ, ಮತ್ತೆ ಊಟ.

ಹೊರಡುವಾಗ ಇವರು ದುಡ್ಡು ಕೊಡಲು ಹೋದರು. ಬೇಡ ಅಂದರು. ಇವರು ಸುಮ್ನಿರಬೇಕಲ್ವಾ? ಐನೂರರ ನಾಲ್ಕು ನೋಟು ತಟ್ಟೆ ಕೆಳಗೆ ಇಟ್ಟು ಬಂದರು. ಕಾರು ಗೇಟು ದಾಟಿರಲಿಲ್ಲ, ಆಯಮ್ಮ ಓಡಿ ಬಂದು ನೋಟುಗಳನ್ನು ಮಗಳ ಕೈಗೆ ತುರುಕಿ, "ಮನೆಗೆ ಬಂದವರ ಹತ್ರ ದುಡ್ಡು ತಗೊಳ್ಳೋ ಕಾಲ ನಮಗಿನ್ನೂ ಬಂದಿಲ್ಲ" ಅಂದರು. ಮುಖದಲ್ಲಿ ನಗು ಇತ್ತು. ಆದರೆ ಕಣ್ಣಲ್ಲಿ ಬೇಜಾರು ಕಾಣಿಸಿತು. ನನಗೆ ನಾಚಿಕೆಯಿಂದ ಭೂಮಿಗೆ ಇಳಿದು ಹೋದ ಹಾಗಾಯಿತು. ದಾರಿ ಪೂರ್ತಿ ನಾವಿಬ್ಬರೂ ಮಾತಾಡಲಿಲ್ಲ.

ಊರಿಗೆ ಬಂದು ನೋಡಿದರೆ ಮಗಳ ಮೈಮೇಲೆ ಅದೇ ಹಸಿರು ಸ್ವೆಟರ್. ಗಡಿಬಿಡಿಯಲ್ಲಿ ಫೋನ್ ನಂಬರ್ ಕೂಡ ತಗೊಂಡಿಲ್ಲ. ಮನೆ ದಾರಿ ಇವರಿಗೆ ಅಂದಾಜಿದೆ. ಈಗ ಏನು ಮಾಡೋದು? ಹೋಗಬೇಕಾ? ಏನು ತಗೊಂಡು ಹೋದರೆ ಅವರಿಗೆ ಬೇಜಾರಾಗಲ್ಲ? ಅವರ ಮನೆ ಮುಂದೆ ತೆಗೆದ ಒಂದು ಫೋಟೊ ಇದೆ. ಫೇಸ್‌ಬುಕ್‌ಗೆ ಹಾಕಿ ಹುಡುಕಲಾ? ನಿಮಗೂ ಹೀಗೆ ಆಗಿದ್ದರೆ ನೀವೇನು ಮಾಡಿದಿರಿ, ಹೇಳಿ.

ಬೆಂಗಳೂರಿಂದ ಒಬ್ಬರು:

ಮೆಕ್ಯಾನಿಕ್ ಹತ್ತಿರ ಅವರ ನಂಬರ್ ಇರುತ್ತೆ. ಒಂದೆರಡು ಸಾವಿರ ಫೋನ್‌ಪೇ ಮಾಡಿ ಮುಗಿಸಿ ಮೇಡಂ. ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ.

ಮೂಡಿಗೆರೆ ಕಡೆಯವರು:

ಮೇಲಿನವರ ಮಾತು ಕೇಳಿ ಫೋನ್‌ಪೇ ಗೀನ್‌ಪೇ ಮಾಡಲು ಹೋಗಬೇಡಿ ಮಾರಾಯ್ರೆ. ಒಂದು ಸಲ ನೋಟು ವಾಪಸ್ ಕೊಟ್ಟವರಿಗೆ ಎರಡನೇ ಸಲ ಫೋನಲ್ಲಿ ಕಳಿಸಿದರೆ ಅದು ಕೊಟ್ಟ ಹಾಗಲ್ಲ, ಜಗಳಕ್ಕೆ ಕರೆದ ಹಾಗೆ. ಆದರೆ ಮೆಕ್ಯಾನಿಕ್ ಹತ್ತಿರ ನಂಬರ್ ಇರುತ್ತೆ ಅನ್ನೋದು ಮಾತ್ರ ಸರಿ. ಅವನಿಗೆ ಫೋನ್ ಮಾಡಿ, ಮನೆ ಯಾವುದು ಅಂತ ಕೇಳಿ, ಹೋಗಿ.

ನೀವು ಮಂಡ್ಯದವರು ಅಲ್ವಾ? ಹಾಗಿದ್ರೆ ಯೋಚನೆ ಯಾಕೆ. ಆಲೆಮನೆಯಿಂದ ಒಳ್ಳೆ ಬೆಲ್ಲ ತಗೊಂಡು ಹೋಗಿ. ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ್ದಲ್ಲ, ಕಪ್ಪಗಿರುತ್ತಲ್ಲ, ಅದು. ನಮ್ಮ ಕಡೆ ಮಳೆಗಾಲಕ್ಕೆ ಕಡುಬಿಗೆ, ಕಷಾಯಕ್ಕೆ, ಕರಿಕಾಫಿಗೆ ಎಲ್ಲದಕ್ಕೂ ಬೆಲ್ಲ ಬೇಕು. ಸ್ವೀಟ್ ಬಾಕ್ಸ್ ಒಯ್ದರೆ ಮೂರು ದಿನಕ್ಕೆ ಬೂಸ್ಟು ಹಿಡಿಯುತ್ತೆ, ಈ ಥಂಡಿಗೆ. ನಿಮ್ಮ ಊರಲ್ಲಿ ಬೆಳೆದದ್ದು ಅಂತ ಕೊಟ್ಟರೆ ಯಾರೂ ಬೇಡ ಅನ್ನಲ್ಲ. ದುಡ್ಡು ಬೇರೆ, ಬೆಳೆ ಬೇರೆ.

ಮತ್ತೊಂದು ವಿಷಯ, ನಿಮ್ಮೆಜಮಾನರಿಗೆ ಹೇಳಿ, ಘಾಟಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ಅದು ಸ್ವಲ್ಪ ಮುಂದೆ ಹೋಗಲು ಬಿಟ್ಟು, ಆಮೇಲೆ ಒಂದನೇ ಗೇರಲ್ಲಿ ಪೂರ್ತಿ ಕ್ಲಚ್ ಬಿಟ್ಟು ಹತ್ತಿಸಬೇಕು. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಹತ್ತಿದರೆ ಹೊಸ ಗಾಡಿಯೂ ಉಳಿಯಲ್ಲ.

ಬೊರಿವಲಿಯಿಂದ, ಮೂಲ ಕುಂದಾಪುರ:

ನಾನು ಹೇಳುವುದು ಒಂದೇ. ಈ ಭಾನುವಾರವೇ ಹೋಗಿ. ಯಾಕೆ ಅಂತ ಹೇಳುತ್ತೇನೆ.

2005ರ ಜುಲೈ 26. ಮುಂಬೈಯಲ್ಲಿ ಇದ್ದವರಿಗೆ ಆ ತಾರೀಕು ಹೇಳಿದರೆ ಸಾಕು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದಿತ್ತು. ನಾನು ಆಗ ಸಾಕಿನಾಕಾದಲ್ಲಿ ಒಂದು ಕಂಪನಿಯ ಲೆಕ್ಕಪತ್ರ ನೋಡುತ್ತಿದ್ದೆ. ಮಧ್ಯಾಹ್ನವೇ ಲೋಕಲ್ ರೈಲು ನಿಂತಿತ್ತು. ನಮಗೆ ಗೊತ್ತಾಗಿದ್ದು ಸಂಜೆ ಐದಕ್ಕೆ, ಕೆಳಗಿಳಿದು ಬಂದು ರಸ್ತೆಯಲ್ಲಿ ಸೊಂಟದವರೆಗೆ ನೀರು ನೋಡಿದಾಗ. ಬಸ್ಸುಗಳು ಅಲ್ಲಲ್ಲೇ ನಿಂತಿದ್ದವು. ಮೊಬೈಲ್ ಸತ್ತು ಹೋಗಿತ್ತು. ಊರಿಂದ ಬಂದು ಹನ್ನೊಂದು ತಿಂಗಳಾಗಿತ್ತು ಅಷ್ಟೇ, ರೂಮು ಬೊರಿವಲಿಯಲ್ಲಿ. ನಡೆಯದೆ ಬೇರೆ ದಾರಿ ಇರಲಿಲ್ಲ.

ಹೈವೇಗೆ ಬಂದರೆ ಸಾವಿರಾರು ಜನ ಒಂದೇ ಕಡೆ ನಡೆಯುತ್ತಿದ್ದಾರೆ, ಜಾತ್ರೆಯಿಂದ ವಾಪಸ್ ಹೋಗುವ ಹಾಗೆ. ಅಕ್ಕಪಕ್ಕದ ಚಾಳುಗಳ ಜನ ರಸ್ತೆಗೆ ಬಂದು ನಿಂತು ಚಹಾ, ಪಾರ್ಲೆ ಜಿ, ನೀರಿನ ಪ್ಯಾಕೆಟ್ಟು ಕೊಡುತ್ತಿದ್ದರು. ಯಾರು ಯಾರಿಗೆ ಕೊಟ್ಟರು ಅಂತ ಲೆಕ್ಕ ಇಟ್ಟವರಿಲ್ಲ. ಜೋಗೇಶ್ವರಿ ಹತ್ತಿರ ಬರುವಾಗ ನನ್ನ ಒಂದು ಚಪ್ಪಲಿ ನೀರಿನಲ್ಲಿ ಹೋಗಿತ್ತು, ಕಾಲಿಗೆ ಏನೋ ಚುಚ್ಚಿ ರಕ್ತ ಬರುತ್ತಿತ್ತು. ಒಂದು ಮೆಟ್ಟಿಲ ಮೇಲೆ ಕೂತೆ. ಒಳಗಿಂದ ಒಬ್ಬ ಹೆಂಗಸು, ನಮ್ಮ ಅಮ್ಮನ ವಯಸ್ಸು, ಬಂದು "ಬೇಟಾ, ಅಂದರ್ ಆಜಾ" ಅಂದರು. ಹತ್ತಡಿ ಹನ್ನೆರಡಡಿ ರೂಮು. ಆಗಲೇ ಅಲ್ಲಿ ನನ್ನ ಹಾಗೆ ರಸ್ತೆಯಿಂದ ಬಂದವರು ಏಳೆಂಟು ಜನ ಇದ್ದರು, ಅದರಲ್ಲಿ ಇಬ್ಬರು ಕಾಲೇಜು ಹುಡುಗಿಯರು. ಎಲ್ಲರಿಗೂ ಖಿಚಡಿ. ಅವರ ಮಗ ತನ್ನ ಒಣಗಿದ ಪ್ಯಾಂಟು ನನಗೆ ಕೊಟ್ಟು, ತಾನು ಒದ್ದೆ ಬಟ್ಟೆಯಲ್ಲೇ ಇದ್ದ. ಕಾಲಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದರು. ಅವರು ಮುಸಲ್ಮಾನರು, ನಾನು ಯಾರು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ರಾತ್ರಿ ನಾಲ್ಕಕ್ಕೆ ಎಚ್ಚರ ಆಯಿತು. ಬಾಗಿಲ ಸಂದಿಯಿಂದ ನೋಡಿದರೆ ಮನೆಯ ಯಜಮಾನ ಹೊರಗೆ, ನೀಲಿ ತಾಡಪಾಲಿನ ಕೆಳಗೆ, ಸ್ಟೂಲ್ ಮೇಲೆ ಕೂತಿದ್ದಾರೆ. ಕೈಯಲ್ಲಿ ಕೊಡೆ. ಒಳಗೆ ಹುಡುಗಿಯರಿದ್ದಾರೆ, ಅವರಿಗೆ ಮುಜುಗರ ಆಗಬಾರದು, ಮತ್ತೆ ನಮಗೆಲ್ಲ ಕಾಲು ಚಾಚಲು ಜಾಗ ಬೇಕು ಅಂತ ಆ ಮನುಷ್ಯ ರಾತ್ರಿಯಿಡೀ ತನ್ನ ಮನೆಯ ಹೊರಗೆ ಕೂತಿದ್ದರು.

ಮರುದಿನ ಮಧ್ಯಾಹ್ನ ರೂಮಿಗೆ ಮುಟ್ಟಿದೆ. ಆ ಪ್ಯಾಂಟು ಒಗೆದು, ಇಸ್ತ್ರಿ ಮಾಡಿಸಿ ಇಟ್ಟೆ. ಮುಂದಿನ ವಾರ ಹೋಗೋಣ ಅಂದುಕೊಂಡೆ. ಆಮೇಲೆ ಚೌತಿ ಬಂತು, ಊರಿಗೆ ಹೋದೆ. ಆಫೀಸಲ್ಲಿ ನೆನೆದು ಹೋದ ಫೈಲುಗಳ ಕೆಲಸ ಶುರುವಾಯಿತು. ಸಂಬಳ ಬರಲಿ, ಏನಾದರೂ ಒಳ್ಳೆಯದು ತಗೊಂಡೇ ಹೋಗೋಣ ಅಂದುಕೊಂಡೆ. ಹೀಗೆ ನವೆಂಬರ್ ಆಯಿತು. ಹೋದರೆ ಆ ರೂಮಿಗೆ ಬೇರೆ ಬೀಗ. ಪಕ್ಕದವರು ಹೇಳಿದರು, ಅವರು ಬಾಡಿಗೆಗೆ ಇದ್ದರಂತೆ, ನೀರು ನುಗ್ಗಿ ಸಾಮಾನೆಲ್ಲ ಹೋದ ಮೇಲೆ ಖಾಲಿ ಮಾಡಿಕೊಂಡು ಊರಿಗೆ ಹೋದರಂತೆ. ಯಾವ ಊರು, ಗೊತ್ತಿಲ್ಲ. ನಾವು ಹೊರಟ ಮೇಲೆ ಅವರ ಮನೆಗೇ ನೀರು ನುಗ್ಗಿದ್ದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಪ್ಯಾಂಟಿನ ಪೊಟ್ಟಣ, ಇನ್ನೊಂದು ಕೈಯಲ್ಲಿ ಮಿಠಾಯಿ ಡಬ್ಬ ಹಿಡಿದುಕೊಂಡು ಪೆದ್ದನ ಹಾಗೆ ಓಣಿಯಲ್ಲಿ ನಿಂತಿದ್ದೆ. ಮಿಠಾಯಿ ಅಲ್ಲಿನ ಮಕ್ಕಳಿಗೆ ಹಂಚಿದೆ.

ಏನು ಒಯ್ಯಬೇಕು ಅಂತ ಯೋಚನೆ ಮಾಡುತ್ತಾ ಕೂರಬೇಡಿ ತಂಗಿ. ಬರಿಗೈಯಲ್ಲಿ ಹೋದರೂ ಅಡ್ಡಿಯಿಲ್ಲ. ನಾನು ಆಗಸ್ಟ್‌ನಲ್ಲಿ ಹೋಗಿದ್ದರೆ ಅವರ ಸಾಮಾನು ಎತ್ತಿಡಲು ಒಂದು ಕೈಯಾದರೂ ಆಗುತ್ತಿದ್ದೆ.

ಶಿವಮೊಗ್ಗದಿಂದ:

ಫೋಟೊ ಮಾತ್ರ ದಯವಿಟ್ಟು ಹಾಕಬೇಡಿ ಅಕ್ಕ. ಶೃಂಗೇರಿ ಹತ್ತಿರ ನಮ್ಮ ಚಿಕ್ಕಪ್ಪನ ಮನೆ. ಮಳೆಯಲ್ಲಿ ಬೈಕ್ ಕೆಟ್ಟು ನಿಂತಿದ್ದ ನಾಲ್ಕು ಜನ ಹುಡುಗರನ್ನು ಒಂದು ರಾತ್ರಿ ಇರಿಸಿಕೊಂಡಿದ್ದರು. ಹುಡುಗರು ಒಳ್ಳೆಯವರೇ. ಆದರೆ ಊರಿಗೆ ಹೋಗಿ ಮನೆ ಫೋಟೊ, ಚಿಕ್ಕಮ್ಮ ದೋಸೆ ಹೊಯ್ಯುವ ವಿಡಿಯೊ, ಮ್ಯಾಪಲ್ಲಿ ಜಾಗ, ಎಲ್ಲ ಹಾಕಿ "ಮಲೆನಾಡಿನ ದೇವರು" ಅಂತ ಬರೆದರು. ಆಮೇಲೆ ಏನಾಯ್ತು ಗೊತ್ತಾ? ಶನಿವಾರ ಭಾನುವಾರ ಯಾರ್ಯಾರೋ ಕಾರು ನಿಲ್ಲಿಸಿ "ಇಲ್ಲಿ ಊಟ ಸಿಗುತ್ತಂತಲ್ಲ" ಅಂತ ಕೇಳೋಕೆ ಶುರು ಮಾಡಿದರು. ಒಬ್ಬರಂತೂ ನೇರವಾಗಿ ರೂಮ್ ರೇಟ್ ಎಷ್ಟು ಅಂದರು. ಚಿಕ್ಕಪ್ಪ ಈಗ ಗೇಟಿಗೆ ಬೀಗ ಹಾಕ್ತಾರೆ. ಮೊದಲು ಆ ಗೇಟು ಯಾವತ್ತೂ ತೆರೆದೇ ಇರುತ್ತಿತ್ತು.

ಹೊಗಳಲು ಆಸೆ ಆಗುತ್ತೆ, ಅರ್ಥ ಆಗುತ್ತೆ. ಅವರನ್ನು ಕೇಳಿ, ಒಪ್ಪಿದರೆ ಹಾಕಿ. ಊರು, ಮನೆ ಗುರುತು ಇಲ್ಲದ ಹಾಗೆ ಬರೆಯಿರಿ. ಇಲ್ಲಿ ಬರೆದಿದ್ದೀರಲ್ಲ, ಇಷ್ಟು ಸಾಕು.

ಬಾಗಲಕೋಟೆಯಿಂದ:

ಎಲ್ಲರೂ ತೀರಿಸೋದರ ಬಗ್ಗೆನೇ ಬರೆಯುತ್ತಿದ್ದೀರಿ. ನನಗೆ ಬೇರೆ ಅನಿಸುತ್ತದೆ.

ನಮ್ಮ ಕಡೆ ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುತ್ತಾರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯಿಂದ ಸಾವಿರಗಟ್ಟಲೆ ಜನ. ಹೆಗಲ ಮೇಲೆ ದೇವರ ಕಂಬಿ ಹೊತ್ತವರು, ಬರಿಗಾಲಲ್ಲಿ ಹೊರಟವರು, ಕೆಲವರು ಮರಗಾಲು ಕಟ್ಟಿಕೊಂಡೂ ನಡೆಯುತ್ತಾರೆ. ಬಿಸಿಲು ಹೇಗಿರುತ್ತೆ ಅಂತ ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ. ದಾರಿಯುದ್ದಕ್ಕೂ ಊರೂರಲ್ಲಿ ದಾಸೋಹ. ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ, ಕಲ್ಲಂಗಡಿ, ಸ್ನಾನಕ್ಕೆ ನೀರು. ಎಲ್ಲ ಪುಕ್ಕಟೆ. ಊಟ ಬಡಿಸಿದವರ ಹೆಸರು ಊಟ ಮಾಡಿದವರಿಗೆ ಗೊತ್ತಿಲ್ಲ, ಇವರ ಹೆಸರು ಅವರಿಗೆ ಬೇಕಿಲ್ಲ.

ಮೊದಲ ಸಲ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಮೂರನೇ ದಿನಕ್ಕೇ ಎರಡೂ ಅಂಗಾಲಿಗೆ ಬೊಬ್ಬೆ ಬಂದು ರಾಯಚೂರಿನ ಈಚೆ ಒಂದು ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ಕೂತುಬಿಟ್ಟೆ. ಒಬ್ಬ ಅಜ್ಜಿ ಬಂದಳು. ಕೈಯಲ್ಲಿ ಸೂಜಿ ದಾರ, ಒಂದು ಬಟ್ಟಲು ಎಣ್ಣೆ. "ಕುಂಡ್ರು ತಮ್ಮಾ, ಕಾಲ್ ಚಾಚು" ಅಂದಳು. ನಾನು ಕಾಲು ಹಿಂದೆ ಎಳೆದುಕೊಂಡೆ. ಎಪ್ಪತ್ತು ದಾಟಿದ ಅಜ್ಜಿ ನನ್ನ ಕಾಲು ಮುಟ್ಟೋದು ಅಂದ್ರೆ ಹೇಗೆ? ಅವಳು ಸಿಟ್ಟಿಗೆದ್ದಳು. "ನಿನ್ನ ಕಾಲು ಅಂತ ಯಾರ್ ಹೇಳ್ಯಾರ? ಮಲ್ಲಯ್ಯನ ಹಂತ್ಯಾಕ ಹೊಂಟ ಕಾಲು ಇದು. ನನಗ ನಡಿಯಾಕ ಆಗೂದಿಲ್ಲ, ನೀ ನಡಿ" ಅಂದಳು. ಬೊಬ್ಬೆಯೊಳಗೆ ಸೂಜಿ ದಾಟಿಸಿ ದಾರ ಅಲ್ಲೇ ಬಿಟ್ಟಳು, ನೀರು ಇಳಿದು ಹೋಗಲಿ ಅಂತ. ಎಣ್ಣೆ ಸವರಿದಳು. ನಾನು ಹುಚ್ಚನ ಹಾಗೆ ಅಂಗಿ ಜೇಬಿಗೆ ಕೈ ಹಾಕಿದೆ. ಅವಳು ಅದನ್ನು ನೋಡಲೂ ಇಲ್ಲ, ಪಕ್ಕದವನ ಕಾಲಿಗೆ ಹೋಗಿದ್ದಳು. ಮುಂದೆ ನಲ್ಲಮಲ ಕಾಡಿನಲ್ಲಿ, ಭೀಮನಕೊಳ್ಳದ ಏರು ಹತ್ತುವಾಗ ಪ್ರತಿ ಹೆಜ್ಜೆಗೂ ಅವಳ ಮಾತು ನೆನಪಾಗುತ್ತಿತ್ತು. ಅವಳ ಪಾಲಿನದ್ದೂ ನಾನು ನಡೆಯುತ್ತಿದ್ದೇನೆ ಅಂತ.

ನಾನು ಹೇಳುವುದು ಏನಂದ್ರೆ, ನಿಮ್ಮನ್ನು ಕರೆದುಕೊಂಡು ಹೋದವರಿಗೂ ಅದರಿಂದ ಏನೋ ಸಿಕ್ಕಿರುತ್ತದೆ. ನೀವು ಅದಕ್ಕೆ ಬೆಲೆ ಕಟ್ಟಲು ಹೋದಾಗ ಅವರ ಕೈಯಿಂದ ಅದನ್ನು ಕಿತ್ತುಕೊಂಡ ಹಾಗಾಯಿತು. ಅದಕ್ಕೇ ಆಯಮ್ಮನ ಕಣ್ಣಲ್ಲಿ ಬೇಜಾರು ಕಂಡಿದ್ದು.

ಮರುವರ್ಷ ಅದೇ ಊರಿಗೆ ಒಂದು ಚೀಲ ಬಿಳಿಜೋಳ ಹಾಕಿಕೊಂಡು ಹೋದೆ. ಅಜ್ಜಿಗೆ ಅಂತ ಕೊಡಲಿಲ್ಲ, ದಾಸೋಹಕ್ಕೆ ಅಂತ ಇಳಿಸಿದೆ. ಯಾರೂ ಬೇಡ ಅನ್ನಲಿಲ್ಲ, ಥ್ಯಾಂಕ್ಸೂ ಹೇಳಲಿಲ್ಲ. "ಅಲ್ಲಿ ಇಡ್ರಿ" ಅಂದರು ಅಷ್ಟೇ. ನೀವೂ ಬೆಲ್ಲ ಒಯ್ಯಿರಿ, ಆದರೆ ವರಾಂಡದಲ್ಲಿ ಕೂತು ಕೈಗೆ ಕೊಟ್ಟು ನಮಸ್ಕಾರ ಮಾಡಬೇಡಿ. ಸೀದಾ ಅಡುಗೆಮನೆಗೆ ಹೋಗಿ ಇಟ್ಟುಬಿಡಿ.

ಹಾಸನದಿಂದ:

ನಿಮಗೆ ಮನೆಯ ಅಂದಾಜಾದರೂ ಇದೆ. ನಮಗೆ ಅದೂ ಇಲ್ಲ. ನಮ್ಮ ಅಣ್ಣ ಚನ್ನರಾಯಪಟ್ಟಣದ ಹತ್ತಿರ ರಾತ್ರಿ ಬೈಕಿಂದ ಬಿದ್ದಿದ್ದ. ಯಾರೋ ಒಬ್ಬರು ತಮ್ಮ ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಸೇರಿಸಿ, ಅಣ್ಣನ ಫೋನಿಂದಲೇ ನಮಗೆ ಫೋನ್ ಮಾಡಿ, ನಾವು ಮುಟ್ಟುವ ಮೊದಲೇ ಹೊರಟು ಹೋಗಿದ್ದರು. ನರ್ಸ್ ಕೇಳಿದರೆ "ಹೆಸರು ಬರೆಸಲ್ಲ ಅಂದ್ರು" ಅಂದರು. ನನಗೆ ಆಗ ಸಿಟ್ಟು ಬಂತು, ಹೆಸರನ್ನಾದರೂ ಕೇಳಬಾರದಾ ಅಂತ. ಆಮೇಲೆ ಗೊತ್ತಾಯ್ತು, ಅದು ಅವರ ಹಕ್ಕು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಅಂತ ಸೇರಿಸಿದ್ದಾರೆ. ಅಪಘಾತದಲ್ಲಿ ನೆರವಾದವರನ್ನು ಹೆಸರು ವಿಳಾಸ ಹೇಳಿ ಅಂತ ಬಲವಂತ ಮಾಡುವ ಹಾಗಿಲ್ಲ, ಅವರ ಮೇಲೆ ಕೇಸೂ ಹಾಕುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಇದಕ್ಕೇ ಅಂತ 2016ರದ್ದೇ ಒಂದು ಕಾಯ್ದೆ ಇದೆ. ಇದನ್ನು ಯಾಕೆ ಬರೆದೆ ಅಂದ್ರೆ, ಪೊಲೀಸ್ ರಗಳೆ ಅಂತ ಹೆದರಿ ಗಾಡಿ ನಿಲ್ಲಿಸದೆ ಹೋಗುವವರು ಇನ್ನೂ ಇದ್ದಾರೆ.

ಅಣ್ಣ ಈಗ ಆರಾಮ. ದಾರಿಯಲ್ಲಿ ಗೂಡ್ಸ್ ಆಟೋ ಕಂಡರೆ ಮಾತ್ರ ಡ್ರೈವರ್ ಮುಖ ನೋಡುತ್ತಾನೆ. ಆ ಮುಖ ಅವನು ನೋಡೇ ಇಲ್ಲ, ಜ್ಞಾನ ಇರಲಿಲ್ಲ. ಆದರೂ ನೋಡುತ್ತಾನೆ.

ಹಾವೇರಿಯಿಂದ, ರಿಟೈರ್ಡ್ ಕಂಡಕ್ಟರ್:

ನಾನು ಆ ಕಡೆಯವನು, ಸಹಾಯ ಮಾಡಿದ ಕಡೆಯವನು. ಅದಕ್ಕೇ ಬರೆಯುತ್ತಿದ್ದೇನೆ. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಟಿಕೆಟ್ ಹರಿದವನು.

ಒಂದು ರಾತ್ರಿ ಹುಬ್ಬಳ್ಳಿ ಬೆಂಗಳೂರು ಬಸ್ಸು. ಹಾವೇರಿ ದಾಟಿದ ಮೇಲೆ ಟಿಕೆಟ್ ಕೇಳಿದರೆ ಒಬ್ಬ ಹುಡುಗ ಜೇಬು ತಡಕುತ್ತಾ ಅಳೋಕೆ ಶುರು ಮಾಡಿದ. ಬಸ್ ಸ್ಟ್ಯಾಂಡಿನ ನೂಕಾಟದಲ್ಲಿ ಪರ್ಸು ಹೋಗಿತ್ತು. ಬೆಳಿಗ್ಗೆ ಇಂಟರ್‌ವ್ಯೂ ಇದೆ ಅಂತ ಫೈಲು ತೋರಿಸಿದ. ಇಳಿಸಿಬಿಡೋಣ ಅಂದ್ರೆ ರಾತ್ರಿ ಹನ್ನೊಂದು. ಟಿಕೆಟ್ ಇಲ್ಲದೆ ಕೂರಿಸಿಕೊಳ್ಳೋಣ ಅಂದ್ರೆ ಲೈನ್ ಚೆಕಿಂಗ್‌ನವರು ಹತ್ತಿದರೆ ಮೆಮೊ ನನಗೆ, ಅವನಿಗಲ್ಲ. ನನ್ನ ಜೇಬಿಂದ ಹಾಕಿ ಟಿಕೆಟ್ ಕೊಟ್ಟೆ. ಮೆಜೆಸ್ಟಿಕ್‌ನಲ್ಲಿ ಇಳಿಯುವಾಗ ಸಿಟಿ ಬಸ್ಸಿಗೆ, ಚಹಾಕ್ಕೆ ಅಂತ ಐವತ್ತು ರೂಪಾಯಿ ಕೊಟ್ಟೆ. ಟಿಕೆಟ್ ಹಿಂದೆ ನನ್ನ ನಂಬರ್ ಬರೆದುಕೊಂಡ. ದುಡ್ಡು ಕಳಿಸ್ತೀನಿ ಅಂದ. ನಾನಂದೆ, ದುಡ್ಡು ಬೇಡಪ್ಪ, ಕೆಲಸ ಸಿಕ್ಕಿದ್ರೆ ಫೋನ್ ಮಾಡು.

ಮಾಡಲಿಲ್ಲ.

ಟಿಕೆಟ್ ಕಳೆದಿರಬಹುದು. ಕೆಲಸ ಸಿಕ್ಕಿರಲಿಕ್ಕಿಲ್ಲ, ನಾಚಿಕೆ ಆಗಿರಬಹುದು. ನನಗೆ ದುಡ್ಡಿನ ಚಿಂತೆ ಯಾವತ್ತೂ ಇರಲಿಲ್ಲ, ದೇವರಾಣೆ. ಆದರೆ ಹತ್ತು ಹನ್ನೆರಡು ವರ್ಷ ಆಗಿದೆ, ಈಗಲೂ ಒಮ್ಮೊಮ್ಮೆ ರಾತ್ರಿ ಅನಿಸುತ್ತದೆ, ಆ ಹುಡುಗ ಏನಾದ?

ಇದಕ್ಕೆ ಉಲ್ಟಾ ಬ್ಯಾಡಗಿಯ ಒಬ್ಬ ಅಮ್ಮ. ಬಸ್ಸಲ್ಲಿ ಬ್ಯಾಗು ಬಿಟ್ಟು ಇಳಿದಿದ್ದಳು, ನಾನು ಎತ್ತಿಟ್ಟು ಮರುದಿನ ಕೊಟ್ಟಿದ್ದೆ. ಅದು ನನ್ನ ಕೆಲಸ, ಉಪಕಾರ ಏನಲ್ಲ. ಆದರೆ ಆಮೇಲೆ ಐದಾರು ವರ್ಷ ನನ್ನ ಬಸ್ಸು ಹತ್ತಿದಾಗಲೆಲ್ಲ ಸೆರಗಿನ ಗಂಟಿಂದ ಒಂದು ಹಿಡಿ ಒಣಮೆಣಸಿನಕಾಯಿ ತೆಗೆದು ನನ್ನ ಟಿಕೆಟ್ ಬ್ಯಾಗಿಗೆ ಹಾಕೋಳು. ಚಿಲ್ಲರೆಗೆಲ್ಲ ಖಾರ. ಪ್ಯಾಸೆಂಜರ್‌ಗಳು ಬೈಯೋರು. ನನ್ನ ಹೆಂಡತಿ ಮಾತ್ರ ಆ ಮೆಣಸಿನಕಾಯಿ ಕಾಯ್ತಾ ಇರೋಳು.

ನೀವು ಊರು ಮುಟ್ಟಿದಿರಾ ಇಲ್ವಾ ಅಂತ ಆ ಗಂಡ ಹೆಂಡತಿಗೆ ಗೊತ್ತಾ? ಅದನ್ನು ಮೊದಲು ಹೇಳಿ ತಾಯಿ. ಸ್ವೆಟರ್ರು, ಬೆಲ್ಲ ಆಮೇಲೆ. ಕೆಟ್ಟ ಮಳೆಯಲ್ಲಿ, ರಿಪೇರಿ ಮಾಡಿದ ಗಾಡಿಯಲ್ಲಿ, ಸಂಜೆ ಹೊತ್ತು ಹೊರಟಿದ್ದೀರಿ. ಅವರು ಆ ರಾತ್ರಿ ಸರಿಯಾಗಿ ಮಲಗಿರಲಿಕ್ಕಿಲ್ಲ.

ಕೇಳಿದವರು, ಮಂಡ್ಯದಿಂದ:

ಕಂಡಕ್ಟರ್ ಸರ್, ನಿಮ್ಮದನ್ನು ಓದಿ ಕೈ ಕಾಲು ತಣ್ಣಗಾಯಿತು. ಇದು ನಮಗೆ ಹೊಳೆದೇ ಇರಲಿಲ್ಲ. ತಕ್ಷಣ ಮೆಕ್ಯಾನಿಕ್‌ಗೆ ಫೋನ್ ಮಾಡಿದೆವು. ಅವನು ಮೊದಲು ಕೇಳಿದ್ದೇ "ಮುಟ್ಟಿದ್ರಾ? ಅವ್ರು ಎರಡು ಸಲ ನನ್ ಹತ್ರ ಕೇಳಿದ್ರು" ಅಂತ. ನಂಬರ್ ಇಸ್ಕೊಂಡು ಮಾತಾಡಿದೆ. ಆಯಮ್ಮ "ಅಯ್ಯೋ ಸದ್ಯ" ಅಂದು ಒಂದು ನಿಮಿಷ ಏನೂ ಮಾತಾಡಲಿಲ್ಲ. ಮುಂದಿನ ಭಾನುವಾರ ಬರ್ತೀವಿ ಅಂದೆ. ಫೋಟೊ ಎಲ್ಲೂ ಹಾಕಿಲ್ಲ.

ಕೇಳಿದವರು, ಮತ್ತೆ, ಹತ್ತು ದಿನ ಬಿಟ್ಟು:

ಹೋಗಿ ಬಂದೆವು. ಈ ಸಲ ಹಾಸನ, ಬೇಲೂರು, ಮೂಡಿಗೆರೆ ಮೇಲೆ. ಘಾಟಿ ಇಳಿಯುವ ಕೆಲಸ ಇರಲಿಲ್ಲ, ಮಾವನಿಗೆ ಸಮಾಧಾನ. ಆಲೆಮನೆಯ ಕಪ್ಪು ಬೆಲ್ಲ ಹತ್ತು ಕೆಜಿ ಒಯ್ದಿದ್ದೆವು. ಬಾಗಲಕೋಟೆ ಅಣ್ಣ ಹೇಳಿದ ಹಾಗೆ ನಾನು ಸೀದಾ ಅಡುಗೆಮನೆಗೆ ಹೋಗಿ ಇಟ್ಟೆ. ಆಯಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು "ಇದು ಬೆಲ್ಲ" ಅಂದರು. ನನಗೆ ಅಷ್ಟು ಖುಷಿ ಆಯಿತು, ಏನು ಹೇಳಲಿ. ನೋಟಿನ ವಿಷಯ ನಮ್ಮವರು ಕ್ಷಮೆ ಕೇಳೋಕೆ ಬಾಯಿ ತೆಗೆದರು, ಅವರ ಯಜಮಾನರು "ಕ್ಲಚ್ ಹೇಗಿದೆ ಈಗ?" ಅಂತ ಮಾತು ತಿರುಗಿಸಿಬಿಟ್ಟರು.

ಮಗಳ ಒಂದು ಚಿಕ್ಕ ಚಪ್ಪಲಿ ಅವತ್ತು ಅವರ ಜೀಪಲ್ಲೇ ಉಳಿದಿತ್ತಂತೆ. ತೊಳೆದು ಒಲೆ ಪಕ್ಕದ ಗೂಡಲ್ಲಿ ಒಣಗಲು ಇಟ್ಟಿದ್ದರು. ಅದರ ಜೊತೆಯ ಇನ್ನೊಂದನ್ನು ನಾನು ಮನೆಯಲ್ಲಿ ಎಸೆದಾಗಿದೆ, ಹೇಳಲಿಲ್ಲ.

ಹೊರಡುವಾಗ ಡಿಕ್ಕಿ ತೆಗೆಸಿದರು. ಎರಡು ಕೆಜಿ ಕಾಫಿ ಪುಡಿ, ಕರಿಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ ಒಂದು ಭರಣಿ, ಒಂದು ಬಾಳೆಗೊನೆ, ಮಾವನಿಗೆ ಅಂತ ಬೇರೆಯಾಗಿ ಒಂದು ಕಂಬಳಿ. ಬೇಡ ಅನ್ನೋಕೆ ಹೋದೆ, ಈ ಸಲ ನಮ್ಮವರೇ ನನ್ನ ಕೈ ಚಿವುಟಿದರು.

ಸ್ವೆಟರ್ ಒಗೆದು, ಮಡಿಚಿ, ಕವರಲ್ಲಿ ಹಾಕಿ ಕೊಟ್ಟೆ. ಆಯಮ್ಮ ಬಿಚ್ಚಿ ಅವರ ಮಗನ ಬೆನ್ನಿಗೆ ಹಿಡಿದು ನೋಡಿದರು. ತೋಳು ಮೊಣಕೈಗಿಂತ ಸ್ವಲ್ಪ ಕೆಳಗೆ ಬರುತ್ತಿತ್ತು. "ನೋಡಿ, ಇವನಿಗೆ ಯಾವತ್ತೋ ಸಣ್ಣದಾಗಿದೆ" ಅಂತ ಮತ್ತೆ ನಮ್ಮ ಮಗಳ ತಲೆ ಮೇಲಿಂದ ತೊಡಿಸಿಬಿಟ್ಟರು. ಅವಳು ಹಾಸನ ಬರುವಷ್ಟರಲ್ಲಿ ಅದನ್ನು ಹಾಕಿಕೊಂಡೇ ಮಲಗಿದ್ದಳು.

ಈಗ ಹೇಳಿ, ದೀಪಾವಳಿಗೆ ಅವರನ್ನು ನಮ್ಮನೆಗೆ ಕರೆಯಬೇಕು ಅಂತಿದೀನಿ, ದನ ಕರು ಬಿಟ್ಟು ಬರ್ತಾರಾ? ತೋಟದವರು ಯಾವಾಗ ಸ್ವಲ್ಪ ಬಿಡುವಾಗಿರ್ತಾರೆ, ಮೂಡಿಗೆರೆಯವರು ಯಾರಾದ್ರೂ ತಿಳಿಸಿ.